ಒಂದು ಲಕ್ಷದ ಗೆರೆ: ಉರಿಮೂತ್ರದ ಹಿಂದಿನ ಕಥೆ

ಹೋದ ಬೇಸಿಗೆಯಲ್ಲಿ ನಮ್ಮ ಬಳಗದ ಒಬ್ಬಳ ಚಿಕ್ಕಮ್ಮ ಬೆಂಗಳೂರಿಗೆ ಬಂದಿದ್ದರು. ತಿಪಟೂರು ಕಡೆಯ ಹಳ್ಳಿಯವರು, ವಯಸ್ಸು ಐವತ್ತನಾಲ್ಕು. ಮಗಳ ಮದುವೆಗೆ ಸೀರೆ ತೆಗೆಯಲು ಬಂದಿದ್ದವರು ಬಸ್ಸಿಳಿದ ಕೂಡಲೇ ಕೇಳಿದ್ದು ಕಾಫಿಯನ್ನಲ್ಲ, ಬಚ್ಚಲು ಎಲ್ಲಿದೆ ಎಂದು. ಬೆಳಗ್ಗೆ ಎದ್ದಾಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಯಾಕೆ ಎಂದರೆ, "ಬಸ್ಸಲ್ಲಿ ಕೂತ್ಕೊಂಡ್ ಮೇಲೆ ಎಲ್ಲಿಗ್ ಹೋಗನವ್ವ?" ಎಂದರು.

ಸಂಜೆ ಅವರು ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರಲ್ಲಿ ನಾಲ್ಕು ವರ್ಷದ ಆರು ಯೂರಿನ್ ಕಲ್ಚರ್ ರಿಪೋರ್ಟುಗಳಿದ್ದವು. ಎರಡರಲ್ಲಿ ಬ್ಯಾಕ್ಟೀರಿಯಾದ ಹೆಸರಿತ್ತು. ಉಳಿದ ನಾಲ್ಕರಲ್ಲಿ, ಗಣನೀಯ ಬೆಳವಣಿಗೆ ಇಲ್ಲ ಎಂಬ ಒಂದೇ ಸಾಲು. ಉರಿ ಮಾತ್ರ ಆರು ಸಲವೂ ಇತ್ತು. ಪದೇಪದೇ ಬಚ್ಚಲಿಗೆ ಓಡುವುದು, ಹೋದರೆ ನಾಲ್ಕು ಹನಿ, ಕಿಬ್ಬೊಟ್ಟೆಯಲ್ಲಿ ಸದಾ ಏನೋ ಹಿಂಡಿದಂತೆ. "ನಾರ್ಮಲ್ ಅಂತಾರೆ ಡಾಕ್ಟ್ರು. ಕಾಗ್ದುಕ್ ನಾರ್ಮಲ್ಲು ಕಣವ್ವ, ನಂಗಲ್ಲ" ಎಂದರು ಚಿಕ್ಕಮ್ಮ.

ನಾವು ವೈದ್ಯರಲ್ಲ. ಪತ್ರಿಕೋದ್ಯಮ ಓದಿದವರು. ತರಗತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠ, ಯಾವುದೇ ಸಂಖ್ಯೆ ಕಂಡರೂ ಇದನ್ನು ಯಾರು ಹೇಳಿದರು, ಯಾವಾಗ, ಯಾಕೆ ಎಂದು ಕೇಳಬೇಕು ಎಂಬುದು. ಆ ರಿಪೋರ್ಟಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಂಖ್ಯೆ ಇತ್ತು. ಒಂದು ಮಿಲಿಲೀಟರ್ ಮೂತ್ರದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಇದ್ದರೆ ಸೋಂಕು, ಇಲ್ಲದಿದ್ದರೆ ಇಲ್ಲ. ಈ ಒಂದು ಲಕ್ಷ ಎಲ್ಲಿಂದ ಬಂತು? ಅದನ್ನು ಹುಡುಕಿಕೊಂಡು ಹೊರಟಾಗ ಸಿಕ್ಕ ಕಥೆಯೇ ಈ ಬರಹ.

ಗೆರೆ ಬರುವ ಮೊದಲು

ನಮ್ಮ ಅಜ್ಜಿಯರ ಕಾಲಕ್ಕೆ ಇದಕ್ಕೆ ಇದ್ದ ಹೆಸರು ಉರಿಮೂತ್ರ. ಕಾರಣ, ಉಷ್ಣ. ಪರಿಹಾರಗಳು ಎಲ್ಲರ ಮನೆಯಲ್ಲೂ ಹೆಚ್ಚುಕಮ್ಮಿ ಒಂದೇ: ಎಳನೀರು, ನೀರುಮಜ್ಜಿಗೆ, ಜೀರಿಗೆ ಕುದಿಸಿದ ನೀರು, ಕೊತ್ತಂಬರಿ ಬೀಜದ ಕಷಾಯ, ಬಾರ್ಲಿ ಗಂಜಿ, ಬಾಳೆದಿಂಡಿನ ಪಲ್ಯ, ರಾತ್ರಿ ಮಲಗುವಾಗ ಹೊಕ್ಕುಳಿಗೆ ಹರಳೆಣ್ಣೆ. ಹೊಲದ ಬದುವಿನಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲ ಮುಳ್ಳನ್ನು ಜಜ್ಜಿ ಕುದಿಸಿ ಕುಡಿಯುವುದೂ ಇತ್ತು. ಈ ನೆಗ್ಗಿಲು ಆಯುರ್ವೇದದ ಗೋಕ್ಷುರ. ಮೂತ್ರದ ತೊಂದರೆಗಳಿಗೆ ಶತಮಾನಗಳಿಂದ ಹೇಳಿಕೊಂಡು ಬಂದ ಗಿಡ.

ಚರಕ, ಸುಶ್ರುತ ಸಂಹಿತೆಗಳಲ್ಲಿ ಈ ಕಾಯಿಲೆಗೆ ಮೂತ್ರಕೃಚ್ಛ್ರ ಎಂಬ ಹೆಸರಿದೆ. ಕಷ್ಟಪಟ್ಟು ಮೂತ್ರ ಹೋಗುವುದು ಎಂದರ್ಥ. ಅದರಲ್ಲಿ ಎಂಟು ಬಗೆಗಳನ್ನು ಹೇಳಿದ್ದಾರೆ. ಆದರೆ ನಮ್ಮನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ. ತಡೆಹಿಡಿಯಬಾರದ ಹದಿಮೂರು ಸಹಜ ವೇಗಗಳ ಪಟ್ಟಿ ಅಲ್ಲಿದೆ. ಪಟ್ಟಿಯ ಮೊದಲನೆಯದೇ ಮೂತ್ರ. ಅದನ್ನು ಕಟ್ಟಿಕೊಂಡರೆ ಮೂತ್ರಕೋಶದಲ್ಲಿ ನೋವು, ಮೂತ್ರ ಹೋಗಲು ಕಷ್ಟ, ತಲೆನೋವು ಬರುತ್ತದೆ ಎಂದು ಅಲ್ಲಿ ಬರೆದಿದೆ. ಸುಮಾರು ಎರಡು ಸಾವಿರ ವರ್ಷ ಹಳೆಯ ಮಾತು. ಅದನ್ನು ಪಾಲಿಸುವ ಸೌಕರ್ಯ ನಮ್ಮ ಹೆಣ್ಣುಮಕ್ಕಳಿಗೆ ಯಾವಾಗ ಸಿಕ್ಕಿತು ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಆಮೇಲೆ ಬರೋಣ.

ಮನೆಮದ್ದುಗಳನ್ನು ನಾವು ತಮಾಷೆ ಮಾಡುತ್ತಿಲ್ಲ. ಹರಳೆಣ್ಣೆ, ದಿಂಡಿನ ಪಲ್ಯ ಬಿಟ್ಟರೆ ಅವುಗಳಲ್ಲಿ ಹೆಚ್ಚಿನವು ಒಂದೇ ಕೆಲಸ ಮಾಡಿಸುತ್ತಿದ್ದವು: ನೀರು ಕುಡಿಸುವುದು. ಅದು ಎಷ್ಟು ಸರಿ ಎಂದು ಪ್ರಯೋಗ ಮಾಡಿ ತೋರಿಸಲು 2018ರವರೆಗೆ ಕಾಯಬೇಕಾಯಿತು. ಆದರೆ ಸೋಂಕು ಮೇಲಕ್ಕೆ ಹತ್ತಿ ಕಿಡ್ನಿ ಮುಟ್ಟಿದಾಗ, ಚಳಿಜ್ವರ ಬಂದಾಗ, ಬಸುರಿಗೆ ಬಂದಾಗ ಕಷಾಯ ಕೈಕೊಡುತ್ತಿತ್ತು. ಹಾಗೆ ಹೋದ ಜೀವಗಳ ಲೆಕ್ಕ ಯಾರೂ ಇಟ್ಟಿಲ್ಲ.

ಉಷ್ಣದಿಂದ ಕ್ರಿಮಿಗೆ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ತನ್ನ ಪ್ರಯೋಗಗಳಿಗೆ ಬಳಸಿದ ದ್ರವಗಳಲ್ಲಿ ಮೂತ್ರವೂ ಒಂದು. ಕುದಿಸಿ ಮುಚ್ಚಿಟ್ಟರೆ ಕೆಡದ ಮೂತ್ರ, ಗಾಳಿಯ ದೂಳು ಸೋಕಿದರೆ ಬೇಗ ಕೆಡುತ್ತದೆ, ಸೂಕ್ಷ್ಮಜೀವಿಗಳು ಅದರಲ್ಲಿ ಚೆನ್ನಾಗಿ ಬೆಳೆಯುತ್ತವೆ ಎಂದು ಅವನು ಕಂಡ. 1885ರಲ್ಲಿ ಥಿಯೋಡೋರ್ ಎಷರಿಕ್ ಎಂಬ ಮಕ್ಕಳ ವೈದ್ಯ ಎಳೆಗೂಸುಗಳ ಮಲದಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಗುರುತಿಸಿದ. ಇವತ್ತು ಅದಕ್ಕೆ ಅವನದೇ ಹೆಸರಿದೆ: ಎಷರಿಕಿಯಾ ಕೋಲಿ, ರಿಪೋರ್ಟುಗಳಲ್ಲಿ ಇ. ಕೋಲಿ. 1894ರಲ್ಲಿ ಅವನೇ ಚಿಕ್ಕ ಹುಡುಗಿಯರ ಉರಿಮೂತ್ರಕ್ಕೆ ಇದೇ ಬ್ಯಾಕ್ಟೀರಿಯಾ ಕಾರಣ ಎಂದು ಬರೆದ.

ಹೆಣ್ಣುಮಕ್ಕಳಿಗೇ ಏಕೆ ಹೆಚ್ಚು ಎಂಬುದಕ್ಕೂ ಉತ್ತರ ಸಿಕ್ಕಿತು. ಮೂತ್ರಕೋಶದಿಂದ ಹೊರಕ್ಕೆ ಬರುವ ನಾಳ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್, ಹೆಂಗಸರಲ್ಲಿ ಸುಮಾರು 4. ಕರುಳಿನಲ್ಲಿ ತಮ್ಮ ಪಾಡಿಗೆ ಇರುವ ಬ್ಯಾಕ್ಟೀರಿಯಾಗಳಿಗೆ ಆ ಬಾಗಿಲು ತೀರಾ ಹತ್ತಿರ. ಇದು ದೇಹದ ರಚನೆಯ ಮಾತು, ಕೊಳಕುತನದ ಮಾತಲ್ಲ. ಆದರೂ ಇಂದಿಗೂ ಈ ಕಾಯಿಲೆ ಬಂದ ಹೆಣ್ಣಿಗೆ ಮೊದಲು ಸಿಗುವ ಬುದ್ಧಿವಾದ "ಶುಚಿಯಾಗಿರಮ್ಮ" ಎಂಬುದು. ಅಮೆರಿಕದ ಸಿಯಾಟಲ್‌ನಲ್ಲಿ ಪದೇಪದೇ ಸೋಂಕಾಗುವ ಯುವತಿಯರ ಬಗ್ಗೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಖ್ಯವಾಗಿ ಕಂಡ ಕಾರಣಗಳು ಬೇರೆ: ದಾಂಪತ್ಯ ಸಂಬಂಧ ಎಷ್ಟು ಸಲ, ವೀರ್ಯಾಣುನಾಶಕದ ಬಳಕೆ, ಹದಿನೈದು ವರ್ಷದೊಳಗೆ ಮೊದಲ ಸೋಂಕು ಆಗಿತ್ತೇ, ತಾಯಿಗೆ ಇದೇ ತೊಂದರೆ ಇತ್ತೇ. ತಾಯಿಗಿದ್ದರೆ ಮಗಳಿಗೂ ಬರುವ ಸಾಧ್ಯತೆ ಹೆಚ್ಚು. ಆದರೆ ನಮ್ಮಲ್ಲಿ ಎಷ್ಟು ತಾಯಂದಿರು ಮಗಳಿಗೆ ಇದನ್ನು ಬಾಯಿಬಿಟ್ಟು ಹೇಳಿದ್ದಾರೆ?

ಕ್ರಿಮಿ ಸಿಕ್ಕಿದ ಮೇಲೆ ಅದನ್ನು ಕೊಲ್ಲುವ ಮದ್ದಿನ ಹುಡುಕಾಟ. ಮೊದಮೊದಲು ಮೂತ್ರಕೋಶದೊಳಕ್ಕೆ ಸಿಲ್ವರ್ ನೈಟ್ರೇಟ್ ದ್ರಾವಣ ಬಿಟ್ಟು ತೊಳೆಯುತ್ತಿದ್ದರು. 1890ರ ದಶಕದಲ್ಲಿ ಜರ್ಮನಿಯ ಆರ್ಥರ್ ನಿಕೋಲಾಯರ್ ಹೆಕ್ಸಮಿನ್ ಎಂಬ ರಾಸಾಯನಿಕವನ್ನು ಗುಳಿಗೆಯಾಗಿ ತಂದ. ಹುಳಿಯಾದ ಮೂತ್ರದಲ್ಲಿ ಅದು ಒಡೆದು ಫಾರ್ಮಾಲ್ಡಿಹೈಡ್ ಆಗುತ್ತದೆ, ಬ್ಯಾಕ್ಟೀರಿಯಾ ಸಾಯುತ್ತವೆ. ಈ ಹೆಸರನ್ನು ನೆನಪಿಡಿ, ಕೊನೆಯಲ್ಲಿ ಇದು ಮತ್ತೆ ಬರುತ್ತದೆ. 1935ರಲ್ಲಿ ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ತನ್ನ ಪ್ರೊಂಟೊಸಿಲ್ ಬಗ್ಗೆ ಪ್ರಕಟಿಸಿದ ಮೇಲೆ ಸಲ್ಫಾ ಗುಳಿಗೆಗಳ ಕಾಲ ಬಂತು. 1953ರಲ್ಲಿ ಅಮೆರಿಕದಲ್ಲಿ ನೈಟ್ರೊಫ್ಯುರಾಂಟಾಯಿನ್, 1962ರಲ್ಲಿ ನಾಲಿಡಿಕ್ಸಿಕ್ ಆಸಿಡ್. ಈ ಕೊನೆಯದು ಮಲೇರಿಯಾದ ಕ್ಲೋರೋಕ್ವಿನ್ ತಯಾರಿಸುವಾಗ ಸಿಕ್ಕ ಉಪವಸ್ತುವಿನಿಂದ ಹುಟ್ಟಿದ್ದು. ಇದರದೇ ವಂಶದ ನಾರ್ಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್ 1980ರ ದಶಕದಲ್ಲಿ ಬಂದವು. ಮುಂದೆ ಅವು ನಮ್ಮ ಊರುಗಳ ಮೆಡಿಕಲ್ ಶಾಪುಗಳಲ್ಲಿ ಕೇಳಿದವರಿಗೆಲ್ಲ ಸಿಗುವ ಗುಳಿಗೆಗಳಾದವು.

ಬಾಸ್ಟನ್‌ನಲ್ಲಿ ಎಳೆದ ಗೆರೆ

ಈಗ ಒಂದು ಲಕ್ಷಕ್ಕೆ ಬರೋಣ. 1950ರ ದಶಕದಲ್ಲಿ ಬಾಸ್ಟನ್ ನಗರದ ವೈದ್ಯ ಎಡ್ವರ್ಡ್ ಕಾಸ್ ಒಂದು ಕಷ್ಟದ ಪ್ರಶ್ನೆ ಎತ್ತಿಕೊಂಡಿದ್ದರು. ಮೂತ್ರ ಹೊರಬರುವಾಗ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳೂ ಅದರ ಜೊತೆ ಸೇರಿಕೊಳ್ಳುತ್ತವೆ. ಹಾಗಾದರೆ ಬಾಟಲಿಯಲ್ಲಿ ಕಂಡ ಬ್ಯಾಕ್ಟೀರಿಯಾ ಒಳಗಿನದೋ ಹೊರಗಿನದೋ? ಖಚಿತವಾಗಬೇಕೆಂದರೆ ನಳಿಕೆ ತೂರಿಸಿ ಮೂತ್ರ ತೆಗೆಯಬೇಕು. ಆ ನಳಿಕೆಯಿಂದಲೇ ಸೋಂಕು ಒಳಹೋಗುವ ಅಪಾಯ ಬೇರೆ.

ಕಾಸ್ ಎಣಿಸಲು ಹೊರಟರು. ಕಿಡ್ನಿಯ ತೀವ್ರ ಸೋಂಕಿನಿಂದ ಮಲಗಿದ್ದ ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ಒಂದು ಮಿಲಿಲೀಟರಿಗೆ ಲಕ್ಷಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಇದ್ದವು. ಯಾವ ಲಕ್ಷಣವೂ ಇಲ್ಲದೆ ಬೇರೆ ಕಾಯಿಲೆಗೆಂದು ಬಂದಿದ್ದ ಹೆಂಗಸರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಮಾತ್ರ ಅಷ್ಟು ಇತ್ತು. 1956ರಲ್ಲಿ ಅವರು ಇದನ್ನು ಪ್ರಕಟಿಸಿದರು. ಗೆರೆ ಎಳೆದಾಯಿತು.

ಇದು ಒಳ್ಳೆಯ ಕೆಲಸ. ಇದರಿಂದ ಜೀವಗಳು ಉಳಿದಿವೆ. ಬಸುರಿಯರಲ್ಲಿ ಲಕ್ಷಣವೇ ಇಲ್ಲದೆ ಬ್ಯಾಕ್ಟೀರಿಯಾ ಇದ್ದರೂ ಚಿಕಿತ್ಸೆ ಕೊಡಬೇಕು, ಇಲ್ಲದಿದ್ದರೆ ಅದು ಕಿಡ್ನಿಗೆ ಏರಬಹುದು ಎಂಬುದು ಕಾಸ್ ಅವರ ಕೆಲಸದಿಂದಲೇ ಗೊತ್ತಾದದ್ದು. ಇವತ್ತು ಬಸುರಿಯರ ತಪಾಸಣೆಯಲ್ಲಿ ಮೂತ್ರ ಪರೀಕ್ಷೆಗೆ ಇಷ್ಟು ಮಹತ್ವ ಇರುವುದರ ಹಿಂದೆ ಆ ಬಾಸ್ಟನ್ ಲೆಕ್ಕವೂ ಇದೆ.

ತೊಂದರೆ ಆದದ್ದು ಗೆರೆಯಿಂದಲ್ಲ, ಗೆರೆಯನ್ನು ಬಳಸಿದ ರೀತಿಯಿಂದ. ಕಾಸ್ ಹೋಲಿಸಿದ್ದು ಕಿಡ್ನಿ ಸೋಂಕಿನವರನ್ನು ಮತ್ತು ಲಕ್ಷಣವೇ ಇಲ್ಲದವರನ್ನು. ಉರಿ ಇದೆ, ಜ್ವರ ಇಲ್ಲ, ದಿನಕ್ಕೆ ಇಪ್ಪತ್ತು ಸಲ ಬಚ್ಚಲಿಗೆ ಓಡುತ್ತಾಳೆ ಎಂಬಂಥ ಹೆಣ್ಣಿನ ಮೂತ್ರಕ್ಕೆ ಆ ಗೆರೆ ಹೊಂದುತ್ತದೆಯೇ ಎಂದು ಅವರ ಲೆಕ್ಕ ಹೇಳಿರಲಿಲ್ಲ. ಸುಮ್ಮನೆ ಯೋಚಿಸಿ ನೋಡಿ. ಅನುಕೂಲವಾದ ಜಾಗದಲ್ಲಿ ಇ. ಕೋಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ರಾತ್ರಿಯಿಡೀ ಮೂತ್ರಕೋಶದಲ್ಲಿ ನಿಂತ ಮೂತ್ರದಲ್ಲಿ ಲಕ್ಷ ದಾಟಲು ಅದಕ್ಕೆ ಬೇಕಾದಷ್ಟು ಸಮಯ ಇರುತ್ತದೆ. ಅರ್ಧ ಗಂಟೆಗೊಮ್ಮೆ ಹೋಗುತ್ತಿರುವವಳ, ಉರಿ ತಾಳದೆ ಚೊಂಬುಗಟ್ಟಲೆ ನೀರು ಕುಡಿದವಳ ಮೂತ್ರದಲ್ಲಿ ಅಷ್ಟು ಸಮಯವೂ ಇಲ್ಲ, ಸಾಂದ್ರತೆಯೂ ಇಲ್ಲ. ಅಂದರೆ ಕಾಯಿಲೆಯ ಲಕ್ಷಣವೇ ಪರೀಕ್ಷೆಯ ಸಂಖ್ಯೆಯನ್ನು ಇಳಿಸಿಬಿಡುತ್ತದೆ.

ಗೆರೆಯ ಕೆಳಗೆ ಉಳಿದವರು

1965ರಲ್ಲಿ ನ್ಯೂಜಿಲೆಂಡಿನ ವೈದ್ಯರು ಸಾಮಾನ್ಯ ಕ್ಲಿನಿಕ್ಕುಗಳಿಗೆ ಉರಿಮೂತ್ರವೆಂದು ಬಂದ ಹೆಂಗಸರನ್ನು ಪರೀಕ್ಷಿಸಿದಾಗ ಅವರಲ್ಲಿ ದೊಡ್ಡ ಪಾಲು ಒಂದು ಲಕ್ಷದ ಕೆಳಗೇ ಇತ್ತು. ಲಕ್ಷಣ ಇದೆ, ಸಂಖ್ಯೆ ಇಲ್ಲ. ಇವರನ್ನು ಏನೆಂದು ಕರೆಯುವುದು? ಯುರೆತ್ರಲ್ ಸಿಂಡ್ರೋಮ್ ಎಂಬ ಹೆಸರು ಬಂತು. ಹೆಸರು ಸಿಕ್ಕಿತೇ ಹೊರತು ಕಾರಣ ಸಿಗಲಿಲ್ಲ. ಕಾರಣ ಸಿಗದ ಕಡೆ ಊಹೆಗಳು ಬಂದವು. ನಾಳ ಕಿರಿದಾಗಿದೆ ಎಂದು ಲೋಹದ ಕಡ್ಡಿಗಳನ್ನು ತೂರಿಸಿ ಹಿಗ್ಗಿಸಿದರು. ಗಟ್ಟಿ ಆಧಾರವಿಲ್ಲದೆ ಈ ಚಿಕಿತ್ಸೆ ದಶಕಗಳ ಕಾಲ ನಡೆಯಿತು. ಅದೂ ಆಗದಿದ್ದಾಗ ಮನಸ್ಸಿನ ಮೇಲೆ ಹೊರಿಸಿದರು.

ಇದರ ಪಕ್ಕದಲ್ಲೇ ಇನ್ನೊಂದು ಕಥೆ ನಡೆಯುತ್ತಿತ್ತು. 1887ರಲ್ಲಿ ನ್ಯೂಯಾರ್ಕಿನ ಸ್ತ್ರೀರೋಗ ತಜ್ಞ ಅಲೆಕ್ಸಾಂಡರ್ ಸ್ಕೀನ್ ಮೂತ್ರಕೋಶದ ಗೋಡೆಯೇ ಊದಿಕೊಳ್ಳುವ ಒಂದು ಕಾಯಿಲೆಗೆ ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್ ಎಂಬ ಹೆಸರು ಬಳಸಿದರು. 1915ರ ಹೊತ್ತಿಗೆ ಬಾಲ್ಟಿಮೋರಿನ ಗೈ ಹನ್ನರ್ ಇಂಥ ಹೆಂಗಸರ ಮೂತ್ರಕೋಶದಲ್ಲಿ ಹುಣ್ಣುಗಳನ್ನು ಕಂಡು ಬರೆದರು. ಅವು ಅಪರೂಪ ಎಂದೂ ಹೇಳಿದರು. ಆ ಅಪರೂಪ ಎಂಬ ಮಾತು ಅಂಟಿಕೊಂಡಿತು. ಹುಣ್ಣು ಕಾಣದಿದ್ದರೆ ಕಾಯಿಲೆಯೇ ಇಲ್ಲ ಎಂದಾಯಿತು. 1970ರ ದಶಕದಲ್ಲಿ ಅಮೆರಿಕದ ಹೆಸರಾಂತ ಮೂತ್ರರೋಗ ಪಠ್ಯಪುಸ್ತಕವೊಂದು ಇದನ್ನು ಮನೋದೈಹಿಕ ತೊಂದರೆಗಳ ಅಧ್ಯಾಯದಲ್ಲಿ ಇಟ್ಟಿತ್ತು.

ಅದನ್ನು ಅಲ್ಲಿಂದ ಎತ್ತಿದವರು ರೋಗಿಗಳೇ. ವಿಕಿ ರಾಟ್ನರ್ ವೈದ್ಯಕೀಯ ಓದುತ್ತಿದ್ದಾಗಲೇ ಈ ನೋವಿಗೆ ಸಿಕ್ಕಿದರು. ವೈದ್ಯರಿಂದ ವೈದ್ಯರಿಗೆ ಅಲೆದರು. ವೈದ್ಯಕೀಯ ವಿದ್ಯಾರ್ಥಿನಿಗೇ ಏನೂ ಇಲ್ಲ ಎಂಬ ಉತ್ತರ. ಕೊನೆಗೆ ಗ್ರಂಥಾಲಯದಲ್ಲಿ ಕೂತು ತಮ್ಮ ಕಾಯಿಲೆಯ ಹೆಸರು ತಾವೇ ಹುಡುಕಿಕೊಂಡರು. 1984ರಲ್ಲಿ ರೋಗಿಗಳ ಸಂಘ ಕಟ್ಟಿದರು. ಟಿವಿಯಲ್ಲಿ ಒಮ್ಮೆ ಮಾತಾಡಿದ ಮೇಲೆ ದೇಶದ ಎಲ್ಲೆಡೆಯಿಂದ ಸಾವಿರಾರು ಹೆಂಗಸರ ಪತ್ರಗಳು ಬಂದವು. ಅಪರೂಪ ಎಂದಿದ್ದ ಕಾಯಿಲೆ ಅಷ್ಟೇನೂ ಅಪರೂಪವಾಗಿರಲಿಲ್ಲ, ಹೇಳುವವರು ಇರಲಿಲ್ಲ ಅಷ್ಟೆ. ಇದೇ ದಶಕದ ಕೊನೆಗೆ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಈ ಕಾಯಿಲೆಯ ಸಂಶೋಧನೆಗೆ ಮಾನದಂಡ ರೂಪಿಸಿತು.

ಇಂಗ್ಲೆಂಡಿನಲ್ಲಿ ಏಂಜೆಲಾ ಕಿಲ್ಮಾರ್ಟಿನ್ ಎಂಬ ಗಾಯಕಿ ಇದ್ದರು. ಮದುವೆಯಾದ ಮೇಲೆ ಶುರುವಾದ ಉರಿಮೂತ್ರ ಅವರ ಹಾಡನ್ನೂ ಸಂಸಾರವನ್ನೂ ಹಿಂಡಿತು. 1970ರ ದಶಕದ ಆರಂಭದಲ್ಲಿ ಅವರೂ ಒಂದು ಸಂಘ ಕಟ್ಟಿ, 1973ರಲ್ಲಿ ಸಾಮಾನ್ಯ ಹೆಂಗಸರಿಗೆ ಅರ್ಥವಾಗುವ ಪುಸ್ತಕ ಬರೆದರು. ಅವರು ಹೇಳಿದ ಉಪಾಯಗಳಲ್ಲಿ ಮುಖ್ಯವಾದದ್ದನ್ನು ಓದಿ ನಾವು ನಕ್ಕೆವು. ಮಲವಿಸರ್ಜನೆಯ ನಂತರ ಕಾಗದದಲ್ಲಿ ಒರೆಸಿಕೊಂಡು ಏಳಬೇಡಿ, ಒಂದು ಬಾಟಲಿ ನೀರು ಸುರಿದು ತೊಳೆದುಕೊಳ್ಳಿ! ನಮ್ಮ ಚೊಂಬಿನ ಪದ್ಧತಿಯನ್ನು ಲಂಡನ್ನಿನ ಗಾಯಕಿ ಸ್ವಂತ ಅನುಭವದಿಂದ ಕಂಡುಕೊಳ್ಳಬೇಕಾಯಿತು. ಚೊಂಬು ಇದ್ದರೂ ನಮ್ಮಲ್ಲಿ ಈ ಕಾಯಿಲೆ ಕಡಿಮೆ ಏನಿಲ್ಲ ಎಂದು ನೆನಪಾದಾಗ ನಗು ನಿಂತಿತು.

ಕನ್ನಡದಲ್ಲಿಯೂ ಇಂಥ ಮಾತುಗಳನ್ನು ಅಚ್ಚಿಗೆ ತಂದ ವೈದ್ಯೆಯರಿದ್ದರು. ಡಾ. ಅನುಪಮಾ ನಿರಂಜನ ಅವರ 'ತಾಯಿ-ಮಗು', 'ವಧುವಿಗೆ ಕಿವಿಮಾತು' ಪುಸ್ತಕಗಳನ್ನು ನಮ್ಮ ತಾಯಂದಿರ ತಲೆಮಾರು ಓದಿದೆ. ಹೆಣ್ಣಿನ ಮೈಯ ಬಗ್ಗೆ ನಾಚಿಕೆಯಿಲ್ಲದೆ ಕನ್ನಡದಲ್ಲಿ ಬರೆಯಬಹುದು ಎಂದು ತೋರಿಸಿಕೊಟ್ಟವರು ಅವರು.

ಗೆರೆ ಜಾರಿದ್ದು

ಸಿಯಾಟಲ್‌ನ ವಾಲ್ಟರ್ ಸ್ಟ್ಯಾಮ್ ಈ ಕಥೆಯ ತಿರುವು. ಗೆರೆಯ ಕೆಳಗೆ ಉಳಿದ ಹೆಂಗಸರನ್ನೇ ಅವರು ಹುಡುಕಿ ಪರೀಕ್ಷಿಸಿದರು. 1980ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನದಲ್ಲಿ ಅಂಥ 59 ಮಹಿಳೆಯರಿದ್ದರು. ಮೂತ್ರದಲ್ಲಿ ಕೀವುಕಣಗಳು, ಅಂದರೆ ರಿಪೋರ್ಟಿನಲ್ಲಿ ಪಸ್ ಸೆಲ್ಸ್ ಎಂದು ಬರೆಯುವವು, ಹೆಚ್ಚಿದ್ದವರಲ್ಲಿ ಬಹುಪಾಲು ಮಂದಿಗೆ ನಿಜವಾಗಿಯೂ ಸೋಂಕು ಇತ್ತು. ಕೆಲವರಿಗೆ ಕಡಿಮೆ ಸಂಖ್ಯೆಯ ಇ. ಕೋಲಿ, ಕೆಲವರಿಗೆ ಮಾಮೂಲು ಕಲ್ಚರಿನಲ್ಲಿ ಬೆಳೆಯದ ಕ್ಲಮೈಡಿಯಾ. 1982ರಲ್ಲಿ ಸ್ಟ್ಯಾಮ್ ಇನ್ನೂ ಸ್ಪಷ್ಟವಾಗಿ ಹೇಳಿದರು: ಉರಿ ಇರುವ ಹೆಣ್ಣಿನಲ್ಲಿ ಒಂದು ಮಿಲಿಲೀಟರಿಗೆ ನೂರು ಬ್ಯಾಕ್ಟೀರಿಯಾ ಇದ್ದರೂ ಅದು ಸೋಂಕೇ ಆಗಿರಬಹುದು.

ಲಕ್ಷ ಎಲ್ಲಿ, ನೂರು ಎಲ್ಲಿ! ಆದರೂ ಹಳೆಯ ಗೆರೆ ಅಳಿಯಲಿಲ್ಲ. ಇದಕ್ಕೆ ಒಂದು ಸರಳ ಕಾರಣವಿದೆ. ಹಲವು ಲ್ಯಾಬುಗಳಲ್ಲಿ ಮಿಲಿಲೀಟರಿನ ಸಾವಿರದ ಒಂದು ಭಾಗ ಹಿಡಿಯುವ ಸಣ್ಣ ತಂತಿಯ ಕುಣಿಕೆಯಲ್ಲಿ ಮೂತ್ರ ಎತ್ತಿ ತಟ್ಟೆಗೆ ಹಚ್ಚುತ್ತಾರೆ. ಆ ತಟ್ಟೆಯಲ್ಲಿ ಒಂದು ಚುಕ್ಕೆ ಬೆಳೆದರೆ ಅದು ಸಾವಿರಕ್ಕೆ ಸಮ. ನೂರನ್ನು ಆ ಕುಣಿಕೆ ಕಾಣಲಾರದು. ಗೆರೆಯನ್ನು ಇಳಿಸಲು ಪುಸ್ತಕ ತಿದ್ದಿದರೆ ಸಾಲದು, ಕುಣಿಕೆಯನ್ನೂ ಬದಲಿಸಬೇಕು, ಹೆಚ್ಚು ಸಮಯ ಕೊಡಬೇಕು, ಖರ್ಚೂ ಹೆಚ್ಚು.

2017ರಲ್ಲಿ ಬೆಲ್ಜಿಯಂನ ಸಂಶೋಧಕರು ಲಕ್ಷಣವಿರುವ 220 ಮಹಿಳೆಯರ ಮೂತ್ರವನ್ನು ಕಲ್ಚರಿನ ಜೊತೆಗೆ ಪಿಸಿಆರ್ ಪರೀಕ್ಷೆಗೂ ಒಡ್ಡಿದರು. ಕೋವಿಡ್ ಕಾಲದಿಂದ ನಮಗೆಲ್ಲ ಪರಿಚಯವಾದ ಅದೇ ಪಿಸಿಆರ್. ಕಲ್ಚರಿನಲ್ಲಿ ನೂರಕ್ಕೆ ಸುಮಾರು 80 ಮಂದಿಗೆ ಮಾತ್ರ ಬ್ಯಾಕ್ಟೀರಿಯಾ ಕಂಡರೆ, ಪಿಸಿಆರಿನಲ್ಲಿ ಸುಮಾರು 96 ಮಂದಿಗೆ ಇ. ಕೋಲಿ ಕಂಡಿತು. ಇದಕ್ಕೂ ಮೊದಲೇ, 2003ರಲ್ಲಿ, ಅಮೆರಿಕದ ಸ್ಕಾಟ್ ಹಲ್ಟ್‌ಗ್ರೆನ್ ತಂಡ ಇಲಿಗಳಲ್ಲಿ ಇ. ಕೋಲಿ ಮೂತ್ರಕೋಶದ ಗೋಡೆಯ ಜೀವಕೋಶಗಳ ಒಳಗೇ ಗುಂಪುಕಟ್ಟಿ ಅಡಗುವುದನ್ನು ತೋರಿಸಿತ್ತು. 2007ರಲ್ಲಿ ಮಹಿಳೆಯರ ಮೂತ್ರದಲ್ಲೂ ಅದರ ಕುರುಹು ಸಿಕ್ಕಿತು. ಗುಳಿಗೆ ಮುಗಿದ ಹದಿನೈದು ದಿನಕ್ಕೆ ಉರಿ ಮರಳುವುದಕ್ಕೆ ಇದೂ ಒಂದು ಕಾರಣವಿರಬಹುದು.

ಹಾಗೆಂದು ಎಲ್ಲ ಉರಿಯೂ ಸೋಂಕಲ್ಲ. ಇದನ್ನು ಒತ್ತಿ ಹೇಳಬೇಕು. 2012ರ ನಂತರದ ಸಂಶೋಧನೆಗಳು ಆರೋಗ್ಯವಂತ ಮಹಿಳೆಯರ ಮೂತ್ರಕೋಶದಲ್ಲೂ ಬ್ಯಾಕ್ಟೀರಿಯಾ ವಾಸಿಸುತ್ತವೆ ಎಂದು ತೋರಿಸಿವೆ. ಲಕ್ಷಣವೇ ಇಲ್ಲದವರಲ್ಲಿ, ಬಸುರಿಯರು ಮತ್ತು ಕೆಲವು ಶಸ್ತ್ರಚಿಕಿತ್ಸೆಗೆ ಹೋಗುವವರನ್ನು ಬಿಟ್ಟರೆ, ಲಕ್ಷ ದಾಟಿದರೂ ಆಂಟಿಬಯೋಟಿಕ್ ಸಾಮಾನ್ಯವಾಗಿ ಬೇಡ. ಅಂದರೆ ಗೆರೆಯ ಮೇಲಿದ್ದವರೆಲ್ಲ ರೋಗಿಗಳಲ್ಲ, ಕೆಳಗಿದ್ದವರೆಲ್ಲ ಆರೋಗ್ಯವಂತರೂ ಅಲ್ಲ. ಸಂಖ್ಯೆಯ ಜೊತೆಗೆ ಹೆಣ್ಣಿನ ಮಾತನ್ನೂ ಕೇಳಬೇಕು. ಅರವತ್ತು ವರ್ಷದ ಈ ಸಂಶೋಧನೆಯ ಸಾರ ಇಷ್ಟೇ.

ಬಯಲು, ಬಸ್ಸು, ಬಟ್ಟೆ ಅಂಗಡಿ

ಇದುವರೆಗೆ ಹೇಳಿದ್ದು ಲ್ಯಾಬಿನ ಇತಿಹಾಸ. ನಮ್ಮೂರಿನ ಇತಿಹಾಸ ಬೇರೆಯೇ ಇದೆ. 2011ರ ಜನಗಣತಿಯ ಪ್ರಕಾರ ಭಾರತದ ಹಳ್ಳಿಗಳಲ್ಲಿ ಶೌಚಾಲಯವಿದ್ದ ಮನೆಗಳು ನೂರಕ್ಕೆ 31ರಷ್ಟು. ಉಳಿದ ಮನೆಗಳ ಹೆಂಗಸರಿಗೆ ದಿನಕ್ಕೆ ಎರಡೇ ಹೊತ್ತು: ಬೆಳಕು ಹರಿಯುವ ಮುನ್ನ, ಕತ್ತಲಾದ ಮೇಲೆ. ನಡುವಿನ ಹನ್ನೆರಡು ಗಂಟೆ ತಡೆದುಕೊಳ್ಳುವುದು, ತಡೆಯಲು ನೀರು ಕುಡಿಯದಿರುವುದು. ಸ್ವಚ್ಛ ಭಾರತ ಅಭಿಯಾನ 2014ರ ಅಕ್ಟೋಬರ್ 2ರಂದು ಶುರುವಾದ ಮೇಲೆ ಮನೆಮನೆಗೆ ಶೌಚಾಲಯ ಬಂದಿವೆ. ಆದರೆ ಹೊಲದಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ, ಕೂಲಿ ಕೆಲಸದ ಜಾಗದಲ್ಲಿ ಇವತ್ತಿಗೂ ಅದೇ ಲೆಕ್ಕ. ಹತ್ತಾರು ವರ್ಷ ನೀರು ಕುಡಿಯದೆ ಪಳಗಿದ ದೇಹ, ಬಚ್ಚಲು ಕಟ್ಟಿಸಿದ ಮಾತ್ರಕ್ಕೆ ಕುಡಿಯಲು ಕಲಿಯುವುದಿಲ್ಲ.

1948ರ ಕಾರ್ಖಾನೆ ಕಾಯ್ದೆಯ 19ನೇ ವಿಧಿ, ಕೆಲಸಗಾರರು ಕಾರ್ಖಾನೆಯಲ್ಲಿರುವ ಎಲ್ಲ ಹೊತ್ತಿನಲ್ಲೂ ಬಳಸಬಹುದಾದ ಶೌಚಾಲಯ ಇರಬೇಕು, ಹೆಂಗಸರಿಗೆ ಪ್ರತ್ಯೇಕ ಇರಬೇಕು ಎನ್ನುತ್ತಿತ್ತು. ಕಾರ್ಖಾನೆಯ ಹೊರಗೆ ದುಡಿಯುವವರ ಕಥೆ? ಪಕ್ಕದ ಕೇರಳದ ಕೋಳಿಕ್ಕೋಡಿನ ಮಿಠಾಯಿ ಬೀದಿಯ ಬಟ್ಟೆ ಅಂಗಡಿಗಳಲ್ಲಿ ದುಡಿಯುವ ಹೆಂಗಸರಿಗೆ ಶೌಚಾಲಯವೂ ಇರಲಿಲ್ಲ, ಕೂರಲು ಕುರ್ಚಿಯೂ ಇರಲಿಲ್ಲ. ಅವರೂ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ದರ್ಜಿಯಾಗಿದ್ದ ವಿಜಿ ಪೆಣ್‌ಕೂಟ್ ಅವರನ್ನು ಒಂದುಗೂಡಿಸಿ ಹೋರಾಟ ಕಟ್ಟಿದರು. ವರ್ಷಗಟ್ಟಲೆ ನಡೆದ ಹೋರಾಟದ ಫಲವಾಗಿ 2018ರಲ್ಲಿ ಕೇರಳ ಸರ್ಕಾರ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕು ಕೊಡುವಂತೆ ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಉರಿಮೂತ್ರದ ಚಿಕಿತ್ಸೆಯ ಇತಿಹಾಸದಲ್ಲಿ ಈ ಹೆಂಗಸರ ಹೆಸರೂ ಇರಬೇಕು ಎಂಬುದು ನಮ್ಮ ಅನಿಸಿಕೆ.

ಹಳೆಯದು ಮರಳಿ ಬಂದದ್ದು

2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಪದೇಪದೇ ಸೋಂಕಾಗುತ್ತಿದ್ದ, ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಾಗಿ ಕುಡಿಯಿತು. ವರ್ಷದ ಕೊನೆಗೆ ಆ ಗುಂಪಿನಲ್ಲಿ ಒಬ್ಬರಿಗೆ ಸರಾಸರಿ 1.7 ಸಲ ಸೋಂಕಾಗಿತ್ತು, ಇನ್ನೊಂದು ಗುಂಪಿನಲ್ಲಿ 3.2 ಸಲ. ಎಳನೀರು, ಮಜ್ಜಿಗೆ ಕುಡಿ ಎಂದ ಅಜ್ಜಿಯ ಮಾತಿಗೆ ಸಾಕ್ಷಿ ಸಿಕ್ಕಂತಾಯಿತು.

ಮುಟ್ಟು ನಿಂತವರ ಕಥೆ ಬೇರೆ. ಈಸ್ಟ್ರೊಜನ್ ಕಡಿಮೆಯಾದಾಗ ಆ ಭಾಗದ ಚರ್ಮ ಒಣಗಿ ತೆಳುವಾಗುತ್ತದೆ, ಕಾಪಾಡುವ ಒಳ್ಳೆಯ ಬ್ಯಾಕ್ಟೀರಿಯಾ ಹೋಗುತ್ತವೆ. 1993ರಲ್ಲಿ ರಾಜ್ ಮತ್ತು ಇದೇ ಸ್ಟ್ಯಾಮ್, 93 ಮಹಿಳೆಯರಲ್ಲಿ ಯೋನಿಗೆ ಹಚ್ಚುವ ಈಸ್ಟ್ರೊಜನ್ ಕ್ರೀಮ್ ಪ್ರಯೋಗಿಸಿದರು. ಈಸ್ಟ್ರೊಜನ್ ಇಲ್ಲದ ಕ್ರೀಮ್ ಹಚ್ಚಿದವರಲ್ಲಿ ವರ್ಷಕ್ಕೆ 5.9 ಸಲ ಆದ ಸೋಂಕು ಈಸ್ಟ್ರೊಜನ್ ಕ್ರೀಮ್ ಹಚ್ಚಿದವರಲ್ಲಿ 0.5 ಸಲ ಮಾತ್ರ ಆಗಿತ್ತು. ಮೂವತ್ತು ವರ್ಷ ಕಳೆದರೂ ಈ ಮಾತು ನಮ್ಮ ಚಿಕ್ಕಮ್ಮನ ಕಿವಿಗೆ ಬಿದ್ದಿರಲಿಲ್ಲ.

ಹೆಕ್ಸಮಿನ್ ಹೆಸರು ನೆನಪಿದೆಯಲ್ಲ? ಆಂಟಿಬಯೋಟಿಕ್‌ಗಳ ಅಬ್ಬರದಲ್ಲಿ ಮೂಲೆಗೆ ಸರಿದಿದ್ದ ಅದು ಮೆಥೆನಮಿನ್ ಎಂಬ ಹೆಸರಿನಲ್ಲಿ ಮರಳಿದೆ. 2022ರಲ್ಲಿ ಬ್ರಿಟನ್ನಿನಲ್ಲಿ 240 ಮಹಿಳೆಯರ ಮೇಲೆ ನಡೆದ ಪ್ರಯೋಗ, ಸೋಂಕು ಮರಳದಂತೆ ತಡೆಯುವಲ್ಲಿ ಇದು ದಿನವೂ ನುಂಗುವ ಕಡಿಮೆ ಪ್ರಮಾಣದ ಆಂಟಿಬಯೋಟಿಕ್‌ಗಿಂತ ಹಿಂದೆ ಬಿದ್ದಿಲ್ಲ ಎಂದು ಹೇಳಿತು. ನಾರ್ಫ್ಲಾಕ್ಸಾಸಿನ್ ವಂಶದ ಗುಳಿಗೆಗಳಿಗೆ ನಮ್ಮ ದೇಶದ ಇ. ಕೋಲಿ ಬಹಳಷ್ಟು ಒಗ್ಗಿಹೋಗಿದೆ. ಚೀಟಿಯಿಲ್ಲದೆ ಎರಡು ಗುಳಿಗೆ ತಂದು ನುಂಗಿ, ಉರಿ ತಗ್ಗಿದ ಕೂಡಲೇ ಬಿಟ್ಟ ಪ್ರತಿಯೊಬ್ಬರದೂ ಅದರಲ್ಲಿ ಪಾಲಿದೆ. ಕೆಲವು ಆಂಟಿಬಯೋಟಿಕ್‌ಗಳನ್ನು 2014ರ ಮಾರ್ಚ್ 1ರಿಂದ ಎಚ್-1 ಪಟ್ಟಿಗೆ ಸೇರಿಸಿ, ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು ಎಂದು ನಿಯಮ ಮಾಡಿದ್ದು ಈ ಭಯದಿಂದಲೇ.

ಚಿಕ್ಕಮ್ಮನನ್ನು ಆ ವಾರವೇ ಒಬ್ಬ ವೈದ್ಯೆಯ ಬಳಿ ಕರೆದೊಯ್ದೆವು. ಆರೂ ರಿಪೋರ್ಟುಗಳನ್ನು ಅವರು ದಿನಾಂಕದ ಪ್ರಕಾರ ಜೋಡಿಸಿದರು. ಯಾವ ರಿಪೋರ್ಟಿಗೆ ಮೊದಲು ಗುಳಿಗೆ ನುಂಗಿದ್ದಿರಿ ಎಂದು ಕೇಳಿದರು. ಮೂರಕ್ಕೆ ನುಂಗಿದ್ದರು. ಗುಳಿಗೆ ನುಂಗಿ ಕೊಟ್ಟ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯದಿರುವುದು ಸಹಜ ಎಂದರು. ಸಕ್ಕರೆ ಕಾಯಿಲೆ ಇದೆಯೇ, ಕಲ್ಲು ಇದೆಯೇ, ಗರ್ಭಕೋಶ ಜಾರಿದೆಯೇ ಎಂದು ನೋಡಿದರು. ಪಸ್ ಸೆಲ್ಸ್ ಸದಾ ಹೆಚ್ಚಿದ್ದು ಕಲ್ಚರಿನಲ್ಲಿ ಏನೂ ಬೆಳೆಯದಿದ್ದರೆ ಮೂತ್ರಾಂಗದ ಕ್ಷಯವನ್ನೂ ನಮ್ಮ ದೇಶದಲ್ಲಿ ಮರೆಯಬಾರದು ಎಂದು ಅದರ ಪರೀಕ್ಷೆಯನ್ನೂ ಬರೆದರು. ಅದು ಇರಲಿಲ್ಲ. ಕೊನೆಗೆ ಕ್ರೀಮ್ ಬರೆದುಕೊಟ್ಟು, ನೀರಿನ ಲೆಕ್ಕ ಹೇಳಿ, ಯಾವಾಗ ಉರಿ ಬರುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಎಂದರು. ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು, ವಾಂತಿ, ಮೂತ್ರದಲ್ಲಿ ರಕ್ತ ಕಂಡರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಬನ್ನಿ ಎಂದು ಎರಡು ಸಲ ಹೇಳಿದರು. ಮುಂದಿನ ಸಲ ಉರಿ ಬಂದರೆ ಮೊದಲು ಮೂತ್ರ ಕೊಡಿ, ಆಮೇಲೆ ಗುಳಿಗೆ ಎಂದರು.

ಅವರು ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ಕೂತು ಕೇಳಿದ್ದು ಮಾತ್ರ ಹೊಸದು.

ಈಗ ಚಿಕ್ಕಮ್ಮ ಪೂರಾ ಗುಣವಾಗಿದ್ದಾರೆ ಎಂದು ಬರೆದರೆ ಸುಳ್ಳಾಗುತ್ತದೆ. ಗಣಪತಿ ಹಬ್ಬದ ಹೊತ್ತಿಗೆ ಒಮ್ಮೆ ಉರಿ ಬಂದಿತ್ತು. ಆದರೆ ಎಂಟು ತಿಂಗಳಲ್ಲಿ ಅದೊಂದೇ ಸಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಸಣ್ಣ ಗುಣಾಕಾರ ಚಿಹ್ನೆಯಿದೆ. ಮಗಳು ಅದೇನೆಂದು ಕೇಳಿದಾಗ ಚಿಕ್ಕಮ್ಮ ಮೊದಲ ಸಲ ಎಲ್ಲವನ್ನೂ ಹೇಳಿದರಂತೆ. ಆಗ ಮಗಳು, "ಅವ್ವಾ, ನಂಗೂ ಮೂರು ಸಲ ಆಗೈತೆ, ಹೆಂಗ್ ಹೇಳೋದು ಅಂತ ಸುಮ್ಕಿದ್ದೆ" ಎಂದಳಂತೆ.

ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿ ನೋಡಿ.